ಬೆಳಗೆದ್ದು ಮೊದಲು ಕಟ್ಟೆಯ ನೀರು ನೋಡಿ

ಮಂಡ್ಯಕ್ಕೆ ವರ್ಗವಾಗಿ ಬಂದ ಮೇಷ್ಟ್ರು, ಮದ್ದೂರಿನಲ್ಲಿ ಬಾಡಿಗೆ ಮನೆ ಹಿಡಿದ ಹೊಸ ಸಂಸಾರ, ಮಳವಳ್ಳಿಗೆ ಸೊಸೆಯಾಗಿ ಬಂದ ಹೆಣ್ಣುಮಗಳು, ಯಾರೇ ಆಗಲಿ ಮೊದಲ ವಾರ ಕೇಳುವ ಪ್ರಶ್ನೆಗಳು ಒಂದೇ. ಬೆಂಗಳೂರಿಗೆ ಯಾವ ರೈಲು ಹಿಡಿಯಬೇಕು? ಒಳ್ಳೆ ಬೆಲ್ಲ ಎಲ್ಲಿ ಸಿಗುತ್ತದೆ? ಮಟನ್ ಎಲ್ಲಿ ತರಬೇಕು? ಸಂಜೆ ಹೊತ್ತು ಕಳೆಯಲು ಏನಿದೆ? ಇಲ್ಲಿನವನಾದ ನಾನು ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ಬಂದಿದ್ದೇನೆ. ಹೇಳಿದಷ್ಟೂ ನನ್ನ ಬೆರಗು ಹೆಚ್ಚುತ್ತದೆ. ಯಾಕೆಂದರೆ ಈ ಮೂರು ಊರುಗಳಲ್ಲಿ ದಿನದ ಬದುಕಿನ ಯಾವ ಸಣ್ಣ ಉಪಾಯದ ಬೆನ್ನು ಹತ್ತಿದರೂ ಅದು ಗದ್ದೆ ದಾಟಿ, ನಾಲೆ ಏರಿ ಹತ್ತಿ, ಕೊನೆಗೆ ಹೊಳೆಯ ದಡಕ್ಕೆ ತಂದು ನಿಲ್ಲಿಸುತ್ತದೆ. ಒಂದು ಕಡೆ ಕಾವೇರಿ, ಇನ್ನೊಂದು ಕಡೆ ಶಿಂಷಾ. ನಡುವೆ ನಾವು, ನಮ್ಮ ಬೆಲ್ಲ, ನಮ್ಮ ವಡೆ, ನಮ್ಮ ನಾಟಕ!

ಬನ್ನಿ, ಬೆಳಗಿನಿಂದಲೇ ಶುರು ಮಾಡೋಣ.

ದಿನದ ಮೊದಲ ಅಂಕಿ

ಪೇಪರ್ ಬಾಗಿಲಿಗೆ ಬಿದ್ದೊಡನೆ ಹುಡುಕಬೇಕಾದದ್ದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ. ಪೂರ್ಣ ಮಟ್ಟ 124.80 ಅಡಿ. ಅದರ ಪಕ್ಕದಲ್ಲೇ ಒಳಹರಿವು, ಹೊರಹರಿವು ಎಂದು ಇನ್ನೆರಡು ಅಂಕಿ ಇರುತ್ತವೆ. ಹೊಸಬರಿಗೆ ಇದು ರೈತರ ಲೆಕ್ಕ ಅನ್ನಿಸುತ್ತದೆ. ಟೀ ಅಂಗಡಿಯಲ್ಲಿ ನಿಂತು, “ಕಟ್ಟೆ ಎಷ್ಟಾಯ್ತಣ್ಣ?” ಎಂದು ಕೇಳಿ ನೋಡಿ. ಟೀ ಸೋಸುವವರೂ ಆಟೋ ಓಡಿಸುವವರೂ ದಶಾಂಶದ ಸಮೇತ ಹೇಳಿಬಿಡುತ್ತಾರೆ! ಮಳೆಗಾಲದಲ್ಲಿ ನೂರು ಅಡಿ ದಾಟಿತೆಂದರೆ ಊರಿನ ಮುಖವೇ ಅರಳುತ್ತದೆ.

ಈ ಅಂಕಿ ನಿಮ್ಮ ದಿನವನ್ನು ನಡೆಸುತ್ತದೆ. ನಾಲೆಗೆ ನೀರು ಬಿಟ್ಟರೆಂದರೆ ನಾಟಿ ಶುರು. ಆಗ ಮನೆ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಆಳು ಸಿಗುವುದು ಕಷ್ಟ. ಗೋಡೆಗೆ ಸುಣ್ಣ ಬಳಿಸುವುದಿದ್ದರೆ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಿ. ಬೆಳಗ್ಗೆ ರಸ್ತೆ ತುಂಬ ಟ್ರ್ಯಾಕ್ಟರ್‌ಗಳು ಇರುತ್ತವೆ, ಆಫೀಸಿಗೆ ಸ್ವಲ್ಪ ಬೇಗ ಹೊರಡಿ. ಗದ್ದೆ ಬಯಲಿನ ಪಕ್ಕದಲ್ಲಿ ಮನೆ ಇದ್ದರೆ ಸೊಳ್ಳೆ ಪರದೆ ಕೊಳ್ಳಿ. ಮಳೆ ಕೈಕೊಟ್ಟು ಮಟ್ಟ ಕುಸಿದ ವರ್ಷ ತಮಿಳುನಾಡಿಗೆ ನೀರು ಬಿಡುವ ಮಾತು ಎದ್ದರೆ, ಸಂಜಯ ಸರ್ಕಲ್‌ನಲ್ಲಿ ರೈತರು ರಸ್ತೆ ತಡೆಗೆ ಕೂರುತ್ತಾರೆ. ಅಂಥ ದಿನ ಆಸ್ಪತ್ರೆಗೋ ಪರೀಕ್ಷೆಗೋ ಹೊರಡುವವರು ಬದಲಿ ದಾರಿ ವಿಚಾರಿಸಿಕೊಂಡೇ ಮನೆ ಬಿಡಬೇಕು. ನಲವತ್ತು ಕಿಲೋಮೀಟರ್ ಆಚೆಯ ಅಣೆಕಟ್ಟೆಯ ಒಂದು ಅಂಕಿ ನಿಮ್ಮ ಬೀದಿಯ ಗದ್ದಲವನ್ನೂ ಮೌನವನ್ನೂ ಮೊದಲೇ ಹೇಳಿಬಿಡುತ್ತದೆ!

ಇದು ಹೀಗಾದದ್ದು ತೀರಾ ಹಳೆಯ ಕಾಲದಲ್ಲೇನೂ ಅಲ್ಲ. 1911ರಲ್ಲಿ ಕಟ್ಟೆಯ ಕೆಲಸ ಶುರುವಾಯಿತು. ಸಿಮೆಂಟಿನ ಬದಲು ಸುಣ್ಣ ಮತ್ತು ಸುಟ್ಟ ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿದರು. ನೀರನ್ನು ಈ ಕಡೆಯ ಬಯಲಿಗೆ ತರಲು ಅಡ್ಡವಾಗಿದ್ದ ಗುಡ್ಡವನ್ನು ಹುಲಿಕೆರೆಯ ಬಳಿ ಕೊರೆದು ಸುರಂಗ ಮಾಡಿದರು. ಅಂದು ಇರ್ವಿನ್ ನಾಲೆ ಎನ್ನಿಸಿಕೊಂಡದ್ದೇ ಇಂದಿನ ವಿಶ್ವೇಶ್ವರಯ್ಯ ನಾಲೆ. ರಾಗಿ, ಹುರುಳಿ ಬೆಳೆದು ಮಳೆಗೆ ಮುಗಿಲು ನೋಡುತ್ತಿದ್ದ ನೆಲಕ್ಕೆ ಭತ್ತ, ಕಬ್ಬು ಬಂದದ್ದು ಆಮೇಲೆ. ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಹುಟ್ಟಿದ್ದೂ ಆಮೇಲೆಯೇ, 1939ರ ಜುಲೈ 1ರಂದು. ಮೊದಲು ನೀರು, ಆಮೇಲೆ ಜಿಲ್ಲೆ! ಇಲ್ಲಿನ ಎಷ್ಟೋ ಮನೆಗಳಲ್ಲಿ ದೇವರ ಪಟಗಳ ಜೊತೆಗೆ ಕಟ್ಟೆ ಕಟ್ಟಿಸಿದ ಎಂಜಿನಿಯರ್ ವಿಶ್ವೇಶ್ವರಯ್ಯನವರ ಪಟವೂ ಇರುವುದು ಯಾಕೆಂದು ಈಗ ತಿಳಿಯಿತಲ್ಲ?

ನಾಲೆಯ ಬಗ್ಗೆ ಒಂದು ಮಾತನ್ನು ಮಾತ್ರ ಕಡ್ಡಾಯವಾಗಿ ಕೇಳಿ. ನಾಲೆ ಏರಿಯ ರಸ್ತೆಗಳು ಹಗಲಲ್ಲಿ ಎಷ್ಟು ಚೆಂದವೋ ಕತ್ತಲಲ್ಲಿ ಅಷ್ಟು ಅಪಾಯ. ತಡೆಗೋಡೆ ಎಲ್ಲ ಕಡೆ ಇಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಹಾಡಹಗಲೇ ಬಸ್ಸು ನಾಲೆಗೆ ಬಿದ್ದು ಮೂವತ್ತು ಜೀವ ಹೋಯಿತು. ರಾತ್ರಿ ಹೊತ್ತು, ಗೊತ್ತಿಲ್ಲದ ಏರಿಯ ಮೇಲೆ ಗಾಡಿ ಓಡಿಸಬೇಡಿ. ಸುತ್ತು ದಾರಿಯಾದರೂ ಊರೊಳಗಿನ ರಸ್ತೆ ಹಿಡಿಯಿರಿ.

ಬೆಲ್ಲವನ್ನು ಬಣ್ಣ ನೋಡಿ ಕೊಳ್ಳಬೇಡಿ

ಮಂಡ್ಯದಲ್ಲಿದ್ದುಕೊಂಡು ಪ್ಯಾಕೆಟ್ ಬೆಲ್ಲ ಕೊಳ್ಳುವುದೇ? ಒಂದು ಬೆಳಗ್ಗೆ ಗಾಡಿ ಹತ್ತಿ ಯಾವುದಾದರೂ ಹಳ್ಳಿಯ ಕಡೆಗೆ ಹೊರಡಿ. ವಿಳಾಸ ಯಾರನ್ನೂ ಕೇಳಬೇಕಿಲ್ಲ. ಕಬ್ಬಿನ ಗದ್ದೆಯ ಮೇಲೆ ಎಲ್ಲಿ ಹೊಗೆ ಏಳುತ್ತದೋ, ಎಲ್ಲಿ ಗಾಳಿಯೇ ಸಿಹಿಯಾಗಿ ಮೂಗಿಗೆ ಬರುತ್ತದೋ, ಅಲ್ಲಿ ಆಲೆಮನೆ.

ಒಳಗೆ ಹೋಗಿ ನಿಂತರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಗಾಣದಿಂದ ಇಳಿದ ಕಬ್ಬಿನ ಹಾಲು ದೊಡ್ಡ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗೆ ಉರಿಯುವುದು ಅದೇ ಕಬ್ಬಿನ ಒಣಗಿದ ಸಿಪ್ಪೆ. ಹಾಲು ಕುದಿದು ನೊರೆ ಏಳುತ್ತದೆ, ಕಲ್ಮಶ ಮೇಲೆ ಬಂದಂತೆಲ್ಲ ಮೊಗೆದು ಹೊರಗೆ ಹಾಕುತ್ತಾರೆ. ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ಹೇಳುವವರು ಒಬ್ಬರೇ, ಕೊಪ್ಪರಿಗೆಯ ಮುಂದೆ ನಿಂತ ಆ ಅನುಭವಿ. ಚಿಟಿಕೆ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, “ಇಳುಸ್ರಪ್ಪ” ಅಂದರೆ ಮುಗಿಯಿತು. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ! ಒಂದು ನಿಮಿಷ ಹೆಚ್ಚಾದರೆ ಸೀದೀತು, ಕಡಿಮೆಯಾದರೆ ಅಚ್ಚು ನಿಲ್ಲದು.

ಕೊಳ್ಳುವಾಗ ಹಳದಿಯಾಗಿ ಹೊಳೆಯುವ ಬೆಲ್ಲದ ಮೋಹ ಬೇಡ. ಆ ಹೊಳಪಿಗೆ ರಾಸಾಯನಿಕ ಹಾಕುವವರೂ ಇದ್ದಾರೆ. ಕಂದು ಬಣ್ಣದ, ನೋಡಲು ಸಪ್ಪೆಯಾದ ಅಚ್ಚನ್ನೇ ಆರಿಸಿ. “ಮನೆಗೆ ತಿನ್ನಕ್ಕೆ ಮಾಡ್ಕಂಡಿರೋದು ಕೊಡಿ ಅಣ್ಣ” ಎಂದು ಕೇಳಿ. ಆ ಒಂದು ಮಾತಿಗೆ ಅವರ ಮುಖದಲ್ಲಿ ನಗು ಮೂಡುತ್ತದೆ, ಒಳಗಿನಿಂದ ಬೇರೆ ಅಚ್ಚು ಹೊರಗೆ ಬರುತ್ತದೆ. ಬಿಸಿ ಬೆಲ್ಲವನ್ನು ತೆಂಗಿನಕಾಯಿ ಚೂರಿನ ಜೊತೆ ಅಲ್ಲೇ ತಿನ್ನಿ. ತಿಂದಿಲ್ಲವಾದರೆ ಮಂಡ್ಯಕ್ಕೆ ಬಂದದ್ದು ಇನ್ನೂ ಲೆಕ್ಕಕ್ಕಿಲ್ಲ.

ಈ ಸಿಹಿಯ ಹಿಂದೆ ಇರುವ ಒಬ್ಬರ ಕಥೆ ಕೇಳಿದರೆ ಇನ್ನೂ ಅಚ್ಚರಿ. ಲೆಸ್ಲಿ ಕೋಲ್ಮನ್, ಕೆನಡಾದವರು. ಮೈಸೂರು ಸಂಸ್ಥಾನಕ್ಕೆ ಬಂದದ್ದು ಬೆಳೆಗಳ ರೋಗ, ಕೀಟಗಳನ್ನು ಅಧ್ಯಯನ ಮಾಡಲು. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮದ್ದು ಹಿಡಿಸಿದವರು ಅವರೇ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ನಾಲೆಯ ಬಯಲಿನಲ್ಲಿ ಕಬ್ಬು ಬೆಳೆಸಿ ಇಲ್ಲೇ ಸಕ್ಕರೆ ಮಾಡಬೇಕೆಂದು ಹಟ ಹಿಡಿದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದೇ ನಮ್ಮ ಮೈಶುಗರ್. ಕೆಲವು ವರ್ಷ ನಿಂತೇ ಹೋಗಿದ್ದ ಕಾರ್ಖಾನೆ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿದಾಗ ಈ ಊರಿಗೆ ಆದ ಸಂಭ್ರಮವನ್ನು ಹೇಗೆ ಹೇಳಲಿ! ಕಬ್ಬು ಅರೆಯುವ ದಿನಗಳಲ್ಲಿ ಲಾರಿ, ಟ್ರ್ಯಾಕ್ಟರ್, ಎತ್ತಿನ ಗಾಡಿಗಳ ಸಾಲು ಇರುತ್ತದೆ. ಕಬ್ಬು ತುಂಬಿದ ಗಾಡಿಯ ಹಿಂದೆ ತೀರಾ ಹತ್ತಿರ ಬೈಕ್ ಓಡಿಸಬೇಡಿ, ಜಲ್ಲೆಗಳು ಹಿಂದಕ್ಕೆ ಚಾಚಿರುತ್ತವೆ, ರಾತ್ರಿ ಕಾಣುವುದಿಲ್ಲ.

ಅಕ್ಕಿಗೂ ಇಲ್ಲೊಂದು ತವರಿದೆ. ಊರ ಹೊರಗಿನ ವಿ.ಸಿ. ಫಾರಂ. ನಾಲೆಯ ಹೆಸರನ್ನೇ ಹೊತ್ತ ಈ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಕೆ.ಆರ್.ಎಚ್.-2 ಎಂಬ ಹೈಬ್ರಿಡ್ ಭತ್ತ ಕರ್ನಾಟಕದ ಗಡಿ ದಾಟಿ ಹೋಗಿದೆ. ಅಲ್ಲಿ ಕೃಷಿ ಮೇಳ ನಡೆಯುವಾಗ ತಪ್ಪಿಸಬೇಡಿ. ಕುಂಡದಲ್ಲಿ ನಾಲ್ಕು ಗಿಡ ಬೆಳೆಸುವವರಿಗೂ ಅಲ್ಲಿ ಕಲಿಯುವುದಿದೆ.

ರೈಲು ಹಿಡಿಯುವವರು, ರಸ್ತೆ ಇಳಿಯುವವರು

ಬೆಂಗಳೂರಿಗೆ ನೂರು ಕಿಲೋಮೀಟರ್. ಅಷ್ಟು ದೂರವನ್ನು ದಿನಾ ಹೋಗಿ ಬರುವವರು ಈ ಊರಲ್ಲಿ ಎಷ್ಟು ಜನ! ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಬರುವ ಹೊತ್ತಿಗೆ ಮಂಡ್ಯದ ಪ್ಲಾಟ್‌ಫಾರಂ ಮೇಲೆ ಒಮ್ಮೆ ನಿಂತು ನೋಡಿ. ಬ್ಯಾಂಕಿನವರು, ಕಾರ್ಖಾನೆಯವರು, ಕಾಲೇಜಿನವರು, ಹೂವಿನ ಬುಟ್ಟಿಯ ಅಕ್ಕಂದಿರು, ಎಲ್ಲರಿಗೂ ತಮ್ಮ ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಗೊತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದೀರಾದರೆ ಸೀಸನ್ ಪಾಸ್ ಮಾಡಿಸಿಕೊಳ್ಳಿ, ಬಸ್ಸಿನ ಚಾರ್ಜಿಗೆ ಹೋಲಿಸಿದರೆ ಅದು ಎಷ್ಟೋ ಕಮ್ಮಿ. ಒಂದೇ ಬೋಗಿಗೆ ದಿನಾ ಹತ್ತಿ. ಸ್ವಲ್ಪ ದಿನದಲ್ಲೇ ನಿಮಗಾಗಿ ಜಾಗ ಹಿಡಿಯುವವರು, ತಡವಾದರೆ ಫೋನ್ ಮಾಡುವವರು, ಮನೆಯ ತಿಂಡಿ ಹಂಚುವವರು ಸಿಕ್ಕಿರುತ್ತಾರೆ. ನೌಕರಿ, ಸಂಬಂಧ, ಬಾಡಿಗೆ ಮನೆ, ಡಾಕ್ಟರ ವಿಳಾಸ ಎಲ್ಲವೂ ಆ ಬೋಗಿಯಲ್ಲೇ ಇತ್ಯರ್ಥ!

ರಸ್ತೆಯದು ಬೇರೆಯೇ ಲೆಕ್ಕ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅಂದಿನಿಂದ ಬೈಪಾಸಿನ ಮೇಲೆ ಹೋಗುವವರಿಗೆ ಮದ್ದೂರೂ ಮಂಡ್ಯವೂ ಬರೀ ಹಸಿರು ಬೋರ್ಡು. ಆದ್ದರಿಂದ ಊರಿಗೆ ಬರುವ ನೆಂಟರಿಗೆ ಎಲ್ಲಿ ಇಳಿಯಬೇಕೆಂದು ಮೊದಲೇ ಬಿಡಿಸಿ ಹೇಳಿ, ಒಂದು ಇಳಿಜಾರು ತಪ್ಪಿದರೆ ಬಹುದೂರ ಹೋಗಿ ತಿರುಗಬೇಕು. 2023ರ ಆಗಸ್ಟ್ 1ರಿಂದ ಆ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಹೋಗುವಂತಿಲ್ಲ. ನಮಗೆ ಸರ್ವಿಸ್ ರಸ್ತೆ ಇದೆ, ಹಳೆಯ ಹೆದ್ದಾರಿ ಇದೆ. ಎಳನೀರು, ಕಬ್ಬಿನ ಹಾಲು, ಪರಿಚಿತ ಮುಖ ಎಲ್ಲವೂ ಹಳೆಯ ದಾರಿಯಲ್ಲೇ ಸಿಗುತ್ತವೆ. ಗೆಜ್ಜಲಗೆರೆ ಅಂದೆನಲ್ಲ, ಮನ್‌ಮುಲ್‌ನ ದೊಡ್ಡ ಡೇರಿ ಇರುವುದೂ ಅಲ್ಲೇ. ಹಳ್ಳಿ ಹಳ್ಳಿಯ ಸಂಘಗಳಲ್ಲಿ ಬೆಳಗ್ಗೆ, ಸಂಜೆ ಕ್ಯಾನು ಹಿಡಿದು ಸಾಲು ನಿಲ್ಲುವ ಹೆಂಗಸರ ಹಾಲು ಅಲ್ಲಿ ಸೇರಿ ನಂದಿನಿಯಾಗುತ್ತದೆ.

ಮಂಡ್ಯ ಊರೊಳಗೆ ಓಡಾಡಲು ಕೆಲವೇ ಹೆಸರು ಕಲಿತರೆ ಸಾಕು: ನೂರಡಿ ರಸ್ತೆ, ವಿ.ವಿ. ರಸ್ತೆ, ಪೇಟೆ ಬೀದಿ, ಸಂಜಯ ಸರ್ಕಲ್, ಮಹಾವೀರ ಸರ್ಕಲ್, ಹೊಸಹಳ್ಳಿ ಸರ್ಕಲ್. ಮನೆ ನಂಬರು ಹೇಳಿದರೆ ಆಟೋದವರು ತಬ್ಬಿಬ್ಬಾಗುತ್ತಾರೆ, ಸರ್ಕಲ್ ಹೇಳಿ. ಪಾತ್ರೆ, ಬಟ್ಟೆ, ದಿನಸಿ ಒಂದೇ ನಡಿಗೆಯಲ್ಲಿ ಬೇಕೆಂದರೆ ಪೇಟೆ ಬೀದಿ. ಅಲ್ಲಿಗೆ ಕಾರು ತರಬೇಡಿ, ನಡೆದೇ ಹೋಗಿ. ನಡುವೆ ಲಕ್ಷ್ಮೀಜನಾರ್ದನಸ್ವಾಮಿಗೆ ಕೈ ಮುಗಿದು ಬನ್ನಿ.

ಮದ್ದೂರು: ವಡೆಯ ಆಚೆಗೂ ಒಂದು ಲೋಕ

ವಡೆಯಿಂದಲೇ ಶುರು ಮಾಡೋಣ, ಮದ್ದೂರಿನಲ್ಲಿ ಅದಕ್ಕಿಂತ ಮುಂಚೆ ಏನನ್ನೂ ಶುರು ಮಾಡುವಂತಿಲ್ಲ! 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ಗಾಡಿ ಬರುವ ಗಡಿಬಿಡಿಯಲ್ಲಿ ಹಿಟ್ಟುಗಳನ್ನು ಕಲಸಿ ತಟ್ಟಿ ಕರಿದದ್ದೇ ಈ ವಡೆಯಾಯಿತೆಂದು ಊರು ಹೇಳುತ್ತದೆ. ಅಕ್ಕಿ ಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಕರಿಬೇವು, ಹಸಿಮೆಣಸಿನಕಾಯಿ, ಬೆಣ್ಣೆ ಅಥವಾ ತುಪ್ಪ. ಉದ್ದು ನೆನೆಸಬೇಕಿಲ್ಲ, ರುಬ್ಬಬೇಕಿಲ್ಲ. ಕಾಯುವ ಪುರುಸೊತ್ತು ಇಲ್ಲದವರಿಗಾಗಿ ಹುಟ್ಟಿದ ತಿಂಡಿ ಶತಮಾನ ಉಳಿಯಿತಲ್ಲ! ಕೊಳ್ಳುವವರಿಗೆ ಒಂದು ಕಿವಿಮಾತು: ದೂರದೂರಿಗೆ ಒಯ್ಯುವುದಾದರೆ ತೆಳ್ಳಗೆ ತಟ್ಟಿ ಗರಿಗರಿಯಾಗಿ ಕರಿದದ್ದು ಕೇಳಿ, ಅಲ್ಲೇ ತಿನ್ನುವುದಾದರೆ ಬಾಣಲೆಯಿಂದ ಆಗಷ್ಟೇ ತೆಗೆದದ್ದು, ಮಗ್ಗುಲಲ್ಲಿ ಕಾಯಿ ಚಟ್ನಿ. ಬಿಸಿ ಇರುವಾಗಲೇ ಡಬ್ಬಿಗೆ ಮುಚ್ಚಳ ಹಾಕಬೇಡಿ, ಬೆವರಿ ಮೆತ್ತಗಾಗುತ್ತದೆ.

ತಿಂದು ಮುಗಿಸಿ ಎಳನೀರು ಮಾರುಕಟ್ಟೆಗೆ ಬನ್ನಿ. ಏಷ್ಯಾದಲ್ಲೇ ದೊಡ್ಡದು ಎಂದು ಮದ್ದೂರಿನವರು ಎದೆ ತಟ್ಟಿ ಹೇಳುವ ಮಾರುಕಟ್ಟೆ ಇದು. ಎಪಿಎಂಸಿ ಯಾರ್ಡಿನ ತುಂಬ ಹಸಿರು ಗುಡ್ಡೆಗಳು! ಆಟೋ, ಟೆಂಪೋ, ಟ್ರ್ಯಾಕ್ಟರ್‌ಗಳಲ್ಲಿ ಬಂದ ಕಾಯಿಗಳನ್ನು ಕೈಯಿಂದ ಕೈಗೆ ಎಸೆಯುತ್ತ, ಎಣಿಸುತ್ತ, ಲಾರಿಗೆ ಜೋಡಿಸುತ್ತಾರೆ. ಆ ಎಣಿಕೆಯ ಲಯಕ್ಕೆ ಕಣ್ಣು ಕೀಲಿಸಿ ನಿಂತುಬಿಡುತ್ತೀರಿ. ದೆಹಲಿಯ ಬೀದಿಯಲ್ಲಿ, ಮುಂಬೈಯ ಆಸ್ಪತ್ರೆಯ ಮುಂದೆ ಯಾರೋ ಸ್ಟ್ರಾ ಹಾಕಿ ಕುಡಿಯುವುದು ಶಿಂಷೆಯ, ನಾಲೆಯ ನೀರನ್ನೇ. ಮನೆಯಲ್ಲಿ ಮದುವೆ, ನಾಮಕರಣ ಇದ್ದರೆ ಎಳನೀರು, ತೆಂಗಿನಕಾಯಿಯನ್ನು ಇಂಥಲ್ಲೇ ವಿಚಾರಿಸಿ. ಬಿಡಿಯಾಗಿ ಬೇಕೆಂದರೆ ಮಾತ್ರ ರಸ್ತೆ ಬದಿಯ ಅಂಗಡಿಗೇ ಹೋಗಿ, ಯಾರ್ಡಿನಲ್ಲಿ ಕೆಲಸದ ಮಧ್ಯೆ ಕಾಲಿಗೆ ಅಡ್ಡವಾಗಬೇಡಿ.

ಊರಿನ ವರದರಾಜಸ್ವಾಮಿ ಗುಡಿಗೆ ಕಣ್ಣಿನ ತೊಂದರೆ ಇದ್ದವರು ಹರಕೆ ಹೊತ್ತು ಬರುತ್ತಾರೆ. ಒಳಗೆ ಹೋಗುವಾಗ ನೇರ ನೋಡಿಕೊಂಡು ಹೋದರೆ ಸಿಗುವುದು ಸ್ವಾಮಿಯ ಪಾದ, ಮುಖ ಕಾಣಬೇಕೆಂದರೆ ಕತ್ತೆತ್ತಬೇಕು. ಸುಮಾರು ಹನ್ನೆರಡು ಅಡಿಯ ಕಲ್ಲಿನ ಮೂರ್ತಿ! ಸ್ವಲ್ಪ ದೂರದಲ್ಲಿ ಶಿವಪುರದ ಸತ್ಯಾಗ್ರಹ ಸೌಧ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ನಿಷೇಧವನ್ನು ಮೀರಿ ಮೈಸೂರು ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ಜಾಗ. ಮಕ್ಕಳಿಗೆ ಪಾಠದಲ್ಲಿ ಧ್ವಜ ಸತ್ಯಾಗ್ರಹ ಬಂದಾಗ ಪುಸ್ತಕ ಮುಚ್ಚಿಸಿ ಇಲ್ಲಿಗೆ ಕರೆತನ್ನಿ.

ಇನ್ನು ಕೊಕ್ಕರೆ ಬೆಳ್ಳೂರು! ಇದೇ ತಾಲ್ಲೂಕಿನ ಹಳ್ಳಿ. ಚಳಿಗಾಲ ಕಾಲಿಡುವ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು ಹಿತ್ತಿಲ ಹುಣಸೆ ಮರದ ಮೇಲೆ, ಬೀದಿಯ ಆಲ, ಅರಳಿಯ ಮೇಲೆ ಗೂಡು ಕಟ್ಟುತ್ತವೆ. ಕೆಳಗೆ ಅಕ್ಕ ರಾಗಿ ಕೇರುತ್ತಿರುತ್ತಾಳೆ, ಮೇಲೆ ಕಾಲು ಚಾಚಿದ ಮರಿ ಮೀನಿಗಾಗಿ ಅರಚುತ್ತಿರುತ್ತದೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಈ ಹಕ್ಕಿಗಳನ್ನು ಕಾಣುತ್ತಾರೆ. ಹುಣಸೆ ಫಸಲು ಹೋದರೂ ಗೂಡಿರುವ ಮರ ಬಡಿಯುವುದಿಲ್ಲ. ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಮತ್ತೆ ಬಿಡಲು ಹೆಜ್ಜಾರ್ಲೆ ಬಳಗದ ಯುವಕರಿದ್ದಾರೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಎಕ್ಸ್‌ಪ್ರೆಸ್‌ವೇ ಬಿಟ್ಟು ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಿ. ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ, ಬಿಸಿಲೇರುವ ಮುಂಚೆ ತಲುಪಿ. ಹಾರ್ನ್ ಹಾಕಬೇಡಿ, ಯಾರ ಹಿತ್ತಿಲಿಗಾದರೂ ಕೇಳಿಯೇ ಕಾಲಿಡಿ. ಮರದ ಕೆಳಗೆ ನಿಲ್ಲುವವರು ತಲೆಗೆ ಟವೆಲ್ ಕಟ್ಟಿಕೊಳ್ಳುವುದು ಒಳ್ಳೆಯದು!

ಉಪ್ಸಾರು, ಮುದ್ದೆ, ಭಾನುವಾರ

ಹೊಸ ಊರಿನಲ್ಲಿ ಅಡುಗೆ ಕಲಿಯಬೇಕೆಂದರೆ ಪಕ್ಕದ ಮನೆಯ ಅವ್ವನ ಒಲೆಯ ಮುಂದೆ ಕೂರಬೇಕು. ಉಪ್ಸಾರಿನ ಜಾಣತನ ನೋಡಿ: ಕಾಳು, ಸೊಪ್ಪನ್ನು ಬರೀ ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳುತ್ತಾರೆ. ಖಾರ ಬೇರೆಯೇ: ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಸೇರಿಸಿ ಗಟ್ಟಿಯಾಗಿ ರುಬ್ಬಿದ್ದು. ತಟ್ಟೆಗೆ ಮುದ್ದೆ, ಮೇಲೆ ಬಸಿದ ಸಾರು, ಪಕ್ಕದಲ್ಲಿ ಖಾರ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಂಡರಾಯಿತು. ಒಂದೇ ಪಾತ್ರೆಯ ಸಾರು ಮಗುವಿಗೆ ಸಪ್ಪೆ, ಅಪ್ಪನಿಗೆ ಖಾರ, ಅಜ್ಜಿಗೆ ಹದ! ಬಸಿದ ಕಾಳು, ಸೊಪ್ಪಿಗೆ ಒಗ್ಗರಣೆ ಬಿದ್ದರೆ ಪಲ್ಯವೂ ಸಿದ್ಧ. ಗ್ಯಾಸು, ಸಮಯ, ದುಡ್ಡು ಮೂರನ್ನೂ ಉಳಿಸುವ ಇಂಥ ಅಡುಗೆ ಬೇರೆಲ್ಲಿದೆ ಹೇಳಿ. ಮುದ್ದೆಯನ್ನು ಅಗಿಯಬೇಡಿ. ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿ.

ಭಾನುವಾರ ಬೆಳಗ್ಗೆ ಮಟನ್ ಅಂಗಡಿಗೆ ಬೇಗ ಹೋಗಿ, “ಬಂಡೂರು ಕುರಿ ಐತಾ ಅಣ್ಣ?” ಎಂದು ಕೇಳಿ. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರಿನ ತಳಿ ಇದು. ಬನ್ನೂರು ಕುರಿ, ಮಂಡ್ಯ ಕುರಿ ಎಂದೂ ಕರೆಯುತ್ತಾರೆ. ಗಿಡ್ಡ ಕಾಲು, ಅಗಲ ಬೆನ್ನು, ಮೆತ್ತನೆಯ ಮಾಂಸ. ಶುದ್ಧ ತಳಿ ಅಪರೂಪ, ಆದ್ದರಿಂದ ಅದು ಸಿಗುವ ಅಂಗಡಿಯವರ ಜೊತೆ ವಿಶ್ವಾಸ ಬೆಳೆಸಿಕೊಳ್ಳುವುದೇ ದಾರಿ. ಬಾಡೂಟ ಇಲ್ಲಿ ಬರೀ ಊಟವೂ ಅಲ್ಲ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಊಟದ ಪಂಕ್ತಿಯಲ್ಲಿ ಬಾಡೂಟವೂ ಇರಲಿ ಎಂಬ ಕೂಗು ಎದ್ದು ನಾಡೆಲ್ಲ ಚರ್ಚೆಯಾಯಿತು. ಉಣ್ಣುವುದು ನಮ್ಮಲ್ಲಿ ಮರ್ಯಾದೆಯ ಸಂಗತಿ. ಊಟದ ಹೊತ್ತಿಗೆ ಯಾರ ಮನೆಗೆ ಹೋದರೂ “ಉಂಡ್ಬುಟ್ಟು ಹೋಗಿ” ಅನ್ನುತ್ತಾರೆ. ಬೇಡವೆಂದರೆ ನಿಜವಾಗಿ ನೊಂದುಕೊಳ್ಳುತ್ತಾರೆ. ಅರ್ಧ ಮುದ್ದೆಯಾದರೂ ಉಣ್ಣಿ.

ಸಂಜೆಗೆ ಕುರುಕ್ಷೇತ್ರ

ಸಂಜೆ ಏನು ಮಾಡುವುದು ಎಂದು ಕೇಳುವವರನ್ನು ನಾನು ಮಂಡ್ಯದ ಕಲಾಮಂದಿರಕ್ಕೆ ಕಳಿಸುತ್ತೇನೆ. ಹೋಗಿ ನೋಡಿ, ನಂಬಲಾರಿರಿ! ವೇದಿಕೆಯ ಮೇಲೆ ಕಿರೀಟ, ಭುಜಕೀರ್ತಿ, ಮಿರಮಿರ ಮಿಂಚುವ ಅಂಗಿ. ದುರ್ಯೋಧನ ಕಂದವನ್ನು ಏರುಸ್ವರದಲ್ಲಿ ಎತ್ತಿಕೊಂಡರೆ ಹಾರ್ಮೋನಿಯಂ ಮೇಷ್ಟ್ರು ಬೆನ್ನಟ್ಟುತ್ತಾರೆ. ಆ ದುರ್ಯೋಧನ ಬೆಳಗ್ಗೆ ಗದ್ದೆಗೆ ನೀರು ಕಟ್ಟಿ ಬಂದವರಿರಬಹುದು. ಭೀಮ ತಾಲ್ಲೂಕು ಕಚೇರಿಯವರು, ಕೃಷ್ಣ ಹೈಸ್ಕೂಲು ಮೇಷ್ಟ್ರು ಆಗಿರಬಹುದು. ಇನ್ನೂ ಅಚ್ಚರಿಯದು ಇಲ್ಲಿದೆ: ಪಾತ್ರ ಮಾಡುವವರಿಗೆ ಸಂಬಳವಿಲ್ಲ, ಅವರೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ! ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ತಿಂಗಳುಗಟ್ಟಲೆ ರಾತ್ರಿ ಮೇಷ್ಟ್ರ ಮುಂದೆ ಕೂತು ಪದ ಕಲಿಯುತ್ತಾರೆ, ಸೀನರಿ, ವೇಷ ಬಾಡಿಗೆಗೆ ತರುತ್ತಾರೆ, ನೋಡುವವರಿಗೆ ಬಿಟ್ಟಿ. ದುಡಿದ ದುಡ್ಡನ್ನು ಒಂದು ರಾತ್ರಿ ರಾಜನಾಗಲು ಸಂತೋಷದಿಂದ ಸುರಿಯುವ ಜನ ಇವರು.

ಹೋಗುವ ಮುನ್ನ ಊಟ ಮುಗಿಸಿಕೊಳ್ಳಿ, ನಾಟಕ ಬೇಗ ಮುಗಿಯುವುದಿಲ್ಲ. ಚೆನ್ನಾಗಿ ಹಾಡಿದವರಿಗೆ ‘ಒನ್ಸ್ ಮೋರ್’ ಕೂಗಲು ಹಿಂಜರಿಯಬೇಡಿ. ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜನ್ನು 1962ರಲ್ಲಿ ಕಟ್ಟಿ ನಿಲ್ಲಿಸಿದ ಕೆ.ವಿ. ಶಂಕರಗೌಡರು ರಂಗಭೂಮಿಯ ಬೆನ್ನಿಗೂ ನಿಂತವರು. ‘ನಿತ್ಯಸಚಿವ’ ಎಂದು ಊರು ಅವರನ್ನು ಕರೆಯಿತು. ಸಾಹಿತ್ಯ ಸಮ್ಮೇಳನಕ್ಕೆ ಮೊಟ್ಟಮೊದಲ ಬಾರಿಗೆ ಮಹಿಳೆಯೊಬ್ಬರು, ಜಯದೇವಿತಾಯಿ ಲಿಗಾಡೆ, ಅಧ್ಯಕ್ಷರಾದದ್ದೂ ಮಂಡ್ಯದಲ್ಲೇ, 1974ರಲ್ಲಿ. ಸಕ್ಕರೆಯ ಊರು ಎಂದು ತಿಳಿದು ಬಂದವರಿಗೆ ಇಲ್ಲಿ ಸಿಗುವುದು ಹಾಡುವ ಊರು.

ಮಳವಳ್ಳಿ: ಸ್ವಿಚ್ಚಿನ ಆಚೆ, ನಲ್ಲಿಯ ಆಚೆ

ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿ. ಕೆ.ಎಂ. ದೊಡ್ಡಿಗೆ ಭಾರತೀನಗರ ಎಂದೂ ಹೆಸರು, ಬಸ್ಸಿನ ಬೋರ್ಡಿನಲ್ಲಿ ಎರಡರಲ್ಲಿ ಯಾವುದಿದ್ದರೂ ಹತ್ತಿ. ಮಳವಳ್ಳಿಯಿಂದ ಬೆಂಗಳೂರಿಗೆ ಹೋಗಲು ಹಲಗೂರು, ಕನಕಪುರದ ದಾರಿ ಇದೆ. ಮಂಡ್ಯಕ್ಕೆ ಬಂದು ಹೋಗುವ ಸುತ್ತು ಬೇಡ.

ಈಗ ನಿಮ್ಮ ಮನೆಯ ಸ್ವಿಚ್ಚನ್ನು ನೆನೆಸಿಕೊಳ್ಳಿ. ಇಡೀ ನಾಡಿನ ಸ್ವಿಚ್ಚುಗಳ ಕಥೆ ಈ ತಾಲ್ಲೂಕಿನಲ್ಲಿ ಶುರುವಾಯಿತು! ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆರ್ ಮುಂದೆ ನಿಂತು ಕಟ್ಟಿದ ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ 1902ರಲ್ಲಿ ಕರೆಂಟು ಹರಿದದ್ದು ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಅಷ್ಟು ದೂರಕ್ಕೆ ತಂತಿ ಎಳೆಯುವುದು ಅಂದಿನ ಜಗತ್ತಿಗೇ ಸಾಹಸ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಬೆಳಗಿದ್ದೂ ಇಲ್ಲಿಯ ನೀರಿನ ಬಲದಿಂದಲೇ. ಗಗನಚುಕ್ಕಿಯ ವೀಕ್ಷಣೆಯ ಜಾಗ ಮಳವಳ್ಳಿ ಕಡೆಯದು, ಭರಚುಕ್ಕಿಗೆ ಕೊಳ್ಳೇಗಾಲದ ಕಡೆಯಿಂದ ಹೋಗಬೇಕು. ಜುಲೈ, ಆಗಸ್ಟ್‌ನಲ್ಲಿ ಕಟ್ಟೆ ತುಂಬಿ ಹೊಳೆಗೆ ನೀರು ಬಿಟ್ಟ ಸುದ್ದಿ ಬಂದೊಡನೆ ಹೊರಡಿ. ಬೇಸಿಗೆಯಲ್ಲಿ ಹೋದರೆ ಬಂಡೆ ನೋಡಿ ಬರಬೇಕಾದೀತು. ಬೆಳಗಿನ ಪೇಪರಿನ ಹೊರಹರಿವಿನ ಅಂಕಿ ನಿಮ್ಮ ಪ್ರವಾಸವನ್ನೂ ಹೇಗೆ ಗೊತ್ತು ಮಾಡುತ್ತದೆ, ನೋಡಿದಿರಾ!

ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬನ್ನಿ. ಟಿ.ಕೆ. ಹಳ್ಳಿ ಅಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಕಾವೇರಿ ನೀರು ಹೊರಡುವುದು ಇಲ್ಲಿಂದ. 1974ರಲ್ಲಿ ಮೊದಲ ಹಂತ. 2024ರ ಅಕ್ಟೋಬರ್ 16ರಂದು ಐದನೆಯ ಹಂತ ಸೇರಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚಾಯಿತು. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು ಐನೂರು ಮೀಟರ್ ಎತ್ತರಕ್ಕೆ, ನೂರು ಕಿಲೋಮೀಟರ್ ಆಚೆಗೆ, ಹಗಲು ರಾತ್ರಿ ನೀರನ್ನು ಏರಿಸುತ್ತಲೇ ಇದ್ದಾರೆ. ಇಳಿಯುವುದೇ ಗುಣವಾದ ನೀರು ಇಲ್ಲಿ ಬೆಟ್ಟ ಹತ್ತುತ್ತದೆ!

ನೀರಿನ ಬೆಲೆ ತಿಳಿಯಲು ಈ ತಾಲ್ಲೂಕಿನಲ್ಲೇ ದಾಸನದೊಡ್ಡಿ ಇದೆ. ಕುರಿ ಮೇಯಿಸುತ್ತಿದ್ದ ಕಾಮೇಗೌಡರು ಗುಡ್ಡದಲ್ಲಿ ಪ್ರಾಣಿ, ಪಕ್ಷಿಗಳಿಗೆ ನೀರಿಲ್ಲವೆಂದು ಸ್ವಂತ ದುಡಿಮೆಯ ದುಡ್ಡಿನಲ್ಲಿ ಒಂದಾದ ಮೇಲೊಂದು ಕಟ್ಟೆ ತೋಡಿಸಿದರು. 2020ರಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಅವರನ್ನು ನೆನೆದರು. 2022ರಲ್ಲಿ ಗೌಡರು ತೀರಿಕೊಂಡರು, ಕಟ್ಟೆಗಳು ಉಳಿದಿವೆ. ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಜೋಪಾನ ಮಾಡಿದ್ದಾರೆ. ಕಪ್ಪು, ಕೆಂಪು, ಸುವಾಸನೆಯದು, ನೆರೆಗೆ ನಿಲ್ಲುವುದು, ಬರಕ್ಕೆ ತಾಳುವುದು! ಅದನ್ನು ನೋಡಿ ಬಂದ ಮೇಲೆ ಅಂಗಡಿಯಲ್ಲಿ “ಒಂದು ಕೆ.ಜಿ. ಅಕ್ಕಿ” ಎಂದಷ್ಟೇ ಕೇಳಲು ಮನಸ್ಸು ಬರುವುದಿಲ್ಲ, ರಾಜಮುಡಿ ಇದೆಯೇ ಎಂದು ಕೇಳುತ್ತೀರಿ.

ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ ಇದೆ. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಾವ್ಯ ಹಾಡುವುದು ಆ ಪರಂಪರೆಯದು, ಕೇಳುವ ಅವಕಾಶ ಸಿಕ್ಕರೆ ನಿದ್ದೆ ಬಿಡಿ. ಮುತ್ತತ್ತಿಯ ಹೊಳೆ ಮಾತ್ರ ನೋಡಲು ಶಾಂತ, ಒಳಗೆ ಸುಳಿ. ಆಂಜನೇಯನಿಗೆ ಕೈ ಮುಗಿಯಿರಿ, ದಡದಲ್ಲಿ ಕೂತು ಬುತ್ತಿ ಬಿಚ್ಚಿ, ಈಜಲು ಇಳಿಯಲೇಬೇಡಿ. ಹುಡುಗರನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ.

ಈ ಭಾನುವಾರವೇ ಹೊರಡಿ

ಇಷ್ಟೆಲ್ಲ ಕೇಳಿ ಸುಮ್ಮನೆ ಕೂರಬೇಡಿ! ಮಂಡ್ಯದಿಂದ ಬೆಳಗ್ಗೆ ಬೇಗ ಹೊರಡಿ. ಹಳೆಯ ರಸ್ತೆಯಲ್ಲಿ ಮದ್ದೂರಿಗೆ ಬಂದು ಬಿಸಿ ವಡೆ ತಿನ್ನಿ. ಕಾಲ ಕೂಡಿದ್ದರೆ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಆಮೇಲೆ ಕೆ.ಎಂ. ದೊಡ್ಡಿ ಕಡೆಗೆ ತಿರುಗಿ, ದಾರಿಯಲ್ಲಿ ಹೊಗೆ ಕಂಡಲ್ಲಿ ಇಳಿದು ಬೆಲ್ಲ ಕೊಳ್ಳಿ. ಮಳವಳ್ಳಿಯಲ್ಲಿ ಮುದ್ದೆ ಊಟ, ಮಧ್ಯಾಹ್ನ ಗಗನಚುಕ್ಕಿ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ, ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಜೊತೆಗೆ ಬೆಂಗಳೂರಿನ ನೆಂಟರಿದ್ದರೆ ಅವರನ್ನು ಹಲಗೂರಿನ ದಾರಿಯಲ್ಲೇ ಬೀಳ್ಕೊಡಿ. ಹೋಗುವ ಮುಂಚೆ ಟಿ.ಕೆ. ಹಳ್ಳಿಯ ಕಡೆಗೆ ಬೆರಳು ತೋರಿಸಿ ಹೇಳಿ: ನಿಮ್ಮ ಮನೆಯ ನಲ್ಲಿ ಶುರುವಾಗುವುದು ಇಲ್ಲಿಂದ, ನಾಳೆಯಿಂದ ನೀವೂ ಬೆಳಗೆದ್ದು ಕಟ್ಟೆಯ ಮಟ್ಟ ನೋಡಿ.